ತಿದ್ದುವ ಕೈ, ತಿದ್ದುವ ನಾಲಿಗೆ

ಕನ್ನಡದಲ್ಲಿ ‘ತಿದ್ದು’ ಎಂಬ ಮಾತು ಎರಡು ಕೆಲಸಕ್ಕೆ ಬರುತ್ತದೆ. ಅಕ್ಷರ ಕಲಿಯುವ ಮಗು ಯಾರೋ ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬರೆಯುತ್ತದಲ್ಲ, ಅದು ತಿದ್ದುವುದು. ಬರೆದದ್ದೋ ಆಡಿದ್ದೋ ತಪ್ಪಾದಾಗ ಸರಿಮಾಡುವುದೂ ತಿದ್ದುವುದೇ. ಮೊದಲನೆಯದು ಮಗು ಮಾಡುವ ಕೆಲಸ, ಎರಡನೆಯದು ದೊಡ್ಡವರು ಮಾಡುವ ಕೆಲಸ. ಪ್ರಾಥಮಿಕ ಶಿಕ್ಷಣದ ಚರಿತ್ರೆಯ ಬಗ್ಗೆ ಸಂಶೋಧನೆ ಮಾಡುತ್ತಾ ಹಳೆಯ ವರದಿಗಳನ್ನೂ ವ್ಯಾಕರಣಗಳನ್ನೂ ತಿರುವಿಹಾಕುವಾಗ ಈ ಒಂದು ಪದ ನನ್ನನ್ನು ಬಿಟ್ಟೂಬಿಡದೆ ಕಾಡಿದೆ. ಕನ್ನಡದ ಮಕ್ಕಳು ವ್ಯಂಜನಗಳನ್ನು ಕಲಿತ ಕತೆಯಲ್ಲಿ ಈ ಎರಡೂ ಅರ್ಥಗಳು ಒಂದರೊಳಗೊಂದು ಹೆಣೆದುಕೊಂಡಿವೆ.

ನನ್ನದೇ ಕತೆಯಿಂದ ಶುರುಮಾಡುತ್ತೇನೆ. ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಹಾಲು ‘ಆಲು’, ಹಸು ‘ಅಸ’, ಹೊಲ ‘ಒಲ’. ಒಂದನೇ ತರಗತಿಯ ಗೋಡೆಯ ಮೇಲೆ ಒಂದು ಚಾರ್ಟು ಇತ್ತು. ‘ಹ’ ಅಕ್ಷರದ ಕೆಳಗೆ ಹಸುವಿನ ಚಿತ್ರ. ಮೇಷ್ಟ್ರು ಕೋಲು ತೋರಿಸಿದಾಗ ನಾನು ಚಿತ್ರ ನೋಡಿ ‘ಅಸ’ ಎಂದೆ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಮನೆಯಲ್ಲಿ ಹಾಗೆಯೇ ಅನ್ನುತ್ತಿದ್ದರೂ ಎಲ್ಲರೂ ನಕ್ಕರು. ಅಂಗೈ ಮೇಲೆ ಎರಡು ಏಟು ಬಿದ್ದವು. ಹತ್ತು ಸಲ ‘ಹ’ ಅನ್ನಿಸಿದರು. ಅಂದಿನಿಂದ ನಾನು ಎಷ್ಟು ಎಚ್ಚರವಾದೆನೆಂದರೆ, ಮುಂದಿನ ವಾರ ಕಾಪಿಯಲ್ಲಿ ‘ಹಪ್ಪ’, ‘ಹವ್ವ’, ‘ಹಾನೆ’ ಎಂದು ಬರೆದುಕೊಂಡು ಹೋಗಿದ್ದೆ. ಅದಕ್ಕೂ ಏಟು ಬಿತ್ತು. ಮನೆಗೆ ಬಂದು ನಾನು ಮಾಡಿದ ಕೆಲಸ ಅಜ್ಜಿಯನ್ನು ತಿದ್ದಿದ್ದು: ‘ಆಲು ಅಲ್ಲ ಅಜ್ಜಿ, ಹಾಲು.’ ಅಜ್ಜಿ ನಕ್ಕಳು. ಆದರೆ ಪೇಟೆಯಿಂದ ನೆಂಟರು ಬಂದಾಗಲೆಲ್ಲ ನನ್ನ ಮುಖ ನೋಡಿಕೊಂಡು, ಪದ ಆರಿಸಿಕೊಂಡು ಮಾತಾಡತೊಡಗಿದಳು. ಅದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ.

ಅಕ್ಷರ ಕಲಿಸುವ ಬಗೆ ಮೊದಲಿಂದ ಹೀಗೆಯೇ ಇತ್ತೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಬಳ್ಳಾರಿಗೆ ಹೋಗಬೇಕು. 1822ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೊ ತನ್ನ ಪ್ರಾಂತದ ಎಲ್ಲ ಕಲೆಕ್ಟರುಗಳಿಗೂ ಊರ ಶಾಲೆಗಳ ಲೆಕ್ಕ ಕಳಿಸುವಂತೆ ಹೇಳಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ಉತ್ತರ ಅವುಗಳಲ್ಲೆಲ್ಲ ವಿವರವಾದದ್ದು. ಇಡೀ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಹುಡುಗಿಯರು ಬರೀ 60. ಧರಂಪಾಲ್ ಅವರು 1983ರಲ್ಲಿ ಈ ವರದಿಗಳನ್ನು ಒಟ್ಟುಗೂಡಿಸಿ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕ ಪ್ರಕಟಿಸಿದ ಮೇಲೆ ಈ ಅಂಕಿಗಳ ಸುತ್ತ ಬಹಳ ಚರ್ಚೆ ನಡೆದಿದೆ. ನನ್ನ ಕಣ್ಣು ನೆಟ್ಟದ್ದು ಅಂಕಿಗಳ ಮೇಲಲ್ಲ, ಪಾಠದ ಕ್ರಮದ ಮೇಲೆ.

ಕ್ಯಾಂಬೆಲ್ ಹೇಳುವಂತೆ ಐದನೆಯ ವರ್ಷಕ್ಕೆ ಗಣಪತಿ ಪೂಜೆ ಮಾಡಿಸಿ, ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದರು. ಮಾರನೆಯ ದಿನದಿಂದ ಶಾಲೆ. ಅಲ್ಲಿ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುವುದೇ ಮೊದಲ ಪಾಠ. ಯುರೋಪಿನಲ್ಲಿ ಅಕ್ಷರಗಳನ್ನು ಬಾಯಿಂದ ಹೇಳಿಸಿ ಕಲಿಸುತ್ತಾರೆ, ಇಲ್ಲಿ ಹಾಗಲ್ಲ, ಬರೆದೇ ಕಲಿಯುತ್ತಾರೆ ಎಂದು ಅವನು ವ್ಯತ್ಯಾಸವನ್ನು ಗುರುತಿಸಿದ್ದಾನೆ. ಮರಳಿನಲ್ಲಿ ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಎಂದರೆ ಅನ್ನದ ಅಂಟು ಮತ್ತು ಇದ್ದಿಲ ಪುಡಿ ಬಳಿದ, ಸುಮಾರು ಮೂರಡಿ ಉದ್ದದ ಮರದ ಪಟ್ಟಿ. ಕಡತ ಎಂದರೆ ಗಂಜಿ ಹಾಕಿ ಬಿರುಸು ಮಾಡಿ, ಇದ್ದಿಲು ಮತ್ತು ಅಂಟು ಬಳಿದು, ಪುಸ್ತಕದಂತೆ ಮಡಿಚಿದ ಬಟ್ಟೆ. ಬರೆಯುವುದಕ್ಕೆ ಬಳಪ, ಅಳಿಸುವುದಕ್ಕೆ ಒದ್ದೆ ಬಟ್ಟೆ. ಅಕ್ಷರಗಳು ಬಂದ ಮೇಲೆ ಸ್ವರ ಸೇರಿದ ವ್ಯಂಜನಗಳು, ಅಂದರೆ ನಾವು ಕಾಗುಣಿತ ಎನ್ನುವುದು. ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು. ಕೊನೆಗೆ ಲೆಕ್ಕ.

ಈ ಶಾಲೆಯನ್ನು ಸ್ವರ್ಗ ಮಾಡುವ ಅಗತ್ಯವಿಲ್ಲ. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುವ ಲೆಕ್ಕವನ್ನೂ ಅದೇ ಕ್ಯಾಂಬೆಲ್ ಬರೆದಿದ್ದಾನೆ. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಅರ್ಥ ಅವರಿಗೆ ತಿಳಿಯದು, ಗಿಣಿಪಾಠ ಎಂದೂ ದೂರಿದ್ದಾನೆ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಏಳು ಸಾವಿರ ಮಕ್ಕಳೂ ಆ ಮರಳಿನ ಮುಂದೆ ಕೂತಿರಲಿಲ್ಲ. ನನ್ನ ಅಜ್ಜಿಯ ಅಜ್ಜಿಯಂಥವರು ಅಲ್ಲಿ ಖಂಡಿತ ಇರಲಿಲ್ಲ. ಆದರೂ ಒಂದು ಮಾತು ನಿಜ. ಆ ಕ್ರಮದಲ್ಲಿ ಮೊದಲು ತಿದ್ದುವುದು ಕೈ. ಮರಳಿನ ಮೇಲೆ ತಪ್ಪಾದರೆ ಅಂಗೈಯಿಂದ ಸವರಿದರಾಯಿತು, ತಪ್ಪು ಉಳಿಯುವುದಿಲ್ಲ.

ಈ ಮರಳು ಸಮುದ್ರ ದಾಟಿಯೂ ಹೋಯಿತು. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಉಸ್ತುವಾರಿ ನೋಡುತ್ತಿದ್ದ ಆಂಡ್ರೂ ಬೆಲ್ ಊರ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ಅದನ್ನು ತರಲು ಹೊರಟ. ಅವನ ಕೈಕೆಳಗಿನ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವನು ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನಿಗೆ ಚಿಕ್ಕಮಕ್ಕಳ ಅಕ್ಷರ ತರಗತಿಯನ್ನು ಒಪ್ಪಿಸಿದ. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. ಕಲಿತ ಮಗು ಕಲಿಯುವ ಮಗುವಿಗೆ ಹೇಳಿಕೊಡುವ ಈ ಕ್ರಮ ಅಲ್ಲಿ ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಮರಳಿನ ಹಲಗೆಗಳು ಬಂದವು. ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಕ್ಯಾಂಬೆಲ್ ಕೂಡ ಮೆಚ್ಚಿ ಬರೆದಿದ್ದಾನೆ.

ಇಂಗ್ಲಿಷ್ ಮಗುವಿಗೆ 26 ಅಕ್ಷರ ಬಂದರೆ ಮರಳಿನ ಕೆಲಸ ಮುಗಿಯಿತು, ಅದರ ಕಷ್ಟವೆಲ್ಲ ಆಮೇಲಿನ ಸ್ಪೆಲ್ಲಿಂಗಿನಲ್ಲಿ. ಕನ್ನಡದ ಮಗುವಿನ ಪಾಡು ಬೇರೆ. ಇಲ್ಲಿ 34 ವ್ಯಂಜನಗಳು. ಒಂದೊಂದಕ್ಕೂ 13 ಸ್ವರ, ಜೊತೆಗೆ ಅನುಸ್ವಾರ, ವಿಸರ್ಗ. ಗುಣಿಸಿದರೆ 510 ರೂಪಗಳು. ಅದರ ಮೇಲೆ 34 ಒತ್ತುಗಳು. ಇಷ್ಟನ್ನೂ ನೆನಪಿನಲ್ಲಿಡಲು ನಮ್ಮ ಹಿರಿಯರು ಚಿಹ್ನೆಗಳಿಗೆ ಮನೆಮಾತಿನ ಹೆಸರುಗಳನ್ನಿಟ್ಟರು: ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರುಸುಳಿ, ಏತ್ವ, ಓತ್ವ, ಸೊನ್ನೆ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಹೇಳಿದವರಿಗೆ ಅದು ವ್ಯಾಕರಣ ಎಂದು ಗೊತ್ತಾಗುವುದೇ ಇಲ್ಲ.

ಆದರೆ ಆ ರಾಗದೊಳಗೆ ಒಂದು ಸೂಕ್ಷ್ಮ ಕೆಲಸ ನಡೆಯುತ್ತಿದೆ. ‘ಕ’ ಎಂಬುದು ಬರಿಯ ವ್ಯಂಜನವಲ್ಲ, ‘ಕ್’ ಮತ್ತು ‘ಅ’ ಸೇರಿದ್ದು. ‘ಕ್’ ಎಂಬ ಶುದ್ಧ ವ್ಯಂಜನವನ್ನು ಮಗು ಎಲ್ಲೂ ಬಿಡಿಯಾಗಿ ಕೇಳಿರುವುದಿಲ್ಲ. ‘ಕ ಕಾ ಕಿ ಕೀ’ ಎಂದು ಹದಿನೈದು ಸಲ ಸ್ವರ ಬದಲಾಗುತ್ತಾ ಬಾಯಿಯ ಹಿಂಬದಿಯ ಒಂದು ಜಾಗ ಮಾತ್ರ ಹಾಗೆಯೇ ಇದ್ದಾಗ, ಬದಲಾಗದೆ ಉಳಿದದ್ದೇ ‘ಕ್’ ಎಂದು ನಾಲಿಗೆಗೆ ತಿಳಿಯುತ್ತದೆ. ವರ್ಣಮಾಲೆಯ ಸಾಲುಗಳೂ ಹಾಗೆಯೇ. ಕವರ್ಗ ಗಂಟಲ ಹತ್ತಿರ ಹುಟ್ಟಿ, ಚ, ಟ, ತ ವರ್ಗಗಳು ಮುಂದುಮುಂದಕ್ಕೆ ಬಂದು, ಪವರ್ಗ ತುಟಿಯಲ್ಲಿ ಮುಗಿಯುತ್ತದೆ. ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನೊಂದು ಕಡೆಯಿಂದ ತೋರಿಸಿತು. ನಮ್ಮ ಮಕ್ಕಳಿಗೆ ಮಾತನ್ನು ಅಕ್ಷರಗಳಾಗಿ ಒಡೆಯುವುದು ಬೇಗ ಬರುತ್ತದೆ, ಅಕ್ಷರವನ್ನು ಬಿಡಿ ಧ್ವನಿಗಳಾಗಿ ಒಡೆಯುವುದು ನಿಧಾನ. ಅಕ್ಷರಗಳೆಲ್ಲವೂ ಕೈವಶವಾಗುವುದಕ್ಕೆ ಮೊದಲೆರಡು ವರ್ಷ ಸಾಲದು, ಮೂರು ನಾಲ್ಕನೆಯ ತರಗತಿಯವರೆಗೂ ಆ ಕಲಿಕೆ ಸಾಗುತ್ತಲೇ ಇರುತ್ತದೆ. ಅಂದರೆ ಒಂದನೇ ತರಗತಿಯ ಮಗುವಿನ ಕಾಗುಣಿತದ ತಪ್ಪು ದಡ್ಡತನವಲ್ಲ, ಆ ಲಿಪಿ ಕೇಳುವ ಕಾಲ ಅಷ್ಟು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆಡಿದಂತೆ ಬರೆಯುತ್ತೇವೆ, ನಮಗೆ ಸ್ಪೆಲ್ಲಿಂಗಿನ ತೊಂದರೆಯೇ ಇಲ್ಲ ಎಂದು ನಾವು ಹೆಮ್ಮೆಪಡುವುದುಂಟು. ಇದರಲ್ಲಿ ಮೊದಲ ಅರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧ ಯಾರು ಆಡಿದಂತೆ ಎಂಬುದರ ಮೇಲೆ ನಿಂತಿದೆ. ಈ ಪ್ರಶ್ನೆ ಹೊಸದೇನಲ್ಲ. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗಲೇ ಕನ್ನಡಿಗರ ನಾಲಿಗೆ ಬರವಣಿಗೆಯನ್ನು ಬಿಟ್ಟು ಮುಂದೆ ಹೋಗಿತ್ತು. ಅವನು ಮಾತು ಹುಟ್ಟುವ ಬಗೆಯನ್ನು ಚೆಲುವಾಗಿ ವಿವರಿಸುತ್ತಾನೆ. ದೇಹವೇ ವಾದ್ಯ, ನಾಲಿಗೆ ಅದನ್ನು ಬಾರಿಸುವ ಕೋಲು, ನುಡಿಸುವವನು ಆತ್ಮ. ಅಚ್ಚಗನ್ನಡಕ್ಕೆ 47 ವರ್ಣಗಳು ಎಂದು ಲೆಕ್ಕ ಕೊಡುತ್ತಾನೆ. ಆಮೇಲೆ ಇಂದಿನ ಯಾವ ಮೇಷ್ಟ್ರಾದರೂ ಗುರುತಿಸಬಹುದಾದ ಕೆಲಸಕ್ಕೆ ಇಳಿಯುತ್ತಾನೆ: ಯಾವ ಯಾವ ಪದಗಳಲ್ಲಿ ಱ, ೞ ಬರೆಯಬೇಕು ಎಂದು ಪಟ್ಟಿ ಮಾಡುತ್ತಾನೆ.

ಪಟ್ಟಿ ಮಾಡುವ ಅಗತ್ಯ ಯಾವಾಗ ಬರುತ್ತದೆ? ಕಿವಿ ಕೈಕೊಟ್ಟಾಗ. ‘ಬಾೞೆ’, ‘ಪೞೆಯ’, ‘ಆಱು’, ‘ಕಿಱಿದು’ ಎಂಬ ಪದಗಳಲ್ಲಿನ ಧ್ವನಿ ಬೇರೆಯಾಗಿ ಕೇಳಿಸುತ್ತಿದ್ದ ಕಾಲದಲ್ಲಿ ಪಟ್ಟಿ ಯಾರಿಗೂ ಬೇಕಿರಲಿಲ್ಲ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು ಎಂಬುದು ಆಡುವಾಗಲೇ ಸ್ಪಷ್ಟವಾಗುತ್ತಿತ್ತು. ೞ ಹೋಗಿ ಳ ಆದ ಮೇಲೆ, ಱ ಹೋಗಿ ರ ಆಗುತ್ತಿದ್ದಾಗ, ಕವಿಗಳಿಗೆ ತೊಡಕಾಯಿತು. ಎರಡನೆಯ ಅಕ್ಷರದ ಪ್ರಾಸ ತಪ್ಪಬಾರದು ಎಂಬುದು ಅಂದಿನ ಕಾವ್ಯದ ನಿಯಮ. ೞ ಇರುವ ಪದಕ್ಕೆ ಳ ಇರುವ ಪದವನ್ನು ಪ್ರಾಸ ಮಾಡಿದರೆ ತಪ್ಪು. ಹಾಗಾಗಿ ನಾಲಿಗೆ ಮರೆತದ್ದನ್ನು ಓಲೆಗರಿ ನೆನಪಿಟ್ಟುಕೊಂಡಿತು. ಕೇಶಿರಾಜನ ಆ ಪಟ್ಟಿಗಳನ್ನು ನಾನು ಓದುವುದು ಕನ್ನಡದ ಹಳೆಯ ಕಾಗುಣಿತದ ಪಾಠವಾಗಿ.

ಅದೇ ಕೇಶಿರಾಜ ಅಪಭ್ರಂಶ ಪ್ರಕರಣ ಎಂದು ಒಂದು ಭಾಗವನ್ನೇ ಬರೆದಿದ್ದಾನೆ. ಸಂಸ್ಕೃತದ ಪದಗಳು ಕನ್ನಡದ ಬಾಯಿಗೆ ಬಂದಾಗ ಹೇಗೆ ಮಾರ್ಪಡುತ್ತವೆ ಎಂಬುದಕ್ಕೆ ಅಲ್ಲಿ ನಿಯಮಗಳಿವೆ. ಶ, ಷ ಎರಡೂ ಸ ಆಗುತ್ತವೆ. ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಆಕಾಶ ಆಗಸವಾಯಿತು, ಘಂಟೆ ಗಂಟೆಯಾಯಿತು, ದಿಶೆ ದೆಸೆಯಾಯಿತು, ಭಾಷೆ ಬಾಸೆಯಾಯಿತು. ಇವನ್ನು ನಾವು ತದ್ಭವ ಎಂದು ಗೌರವದಿಂದ ಕರೆದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿ ಅಂಕ ಕೊಡುತ್ತೇವೆ. ಆರು ವರ್ಷದ ಮಗು ‘ಶಂಕರ’ನನ್ನು ‘ಸಂಕರ’ ಎಂದರೆ, ‘ಭಾಷೆ’ಯನ್ನು ‘ಬಾಸೆ’ ಎಂದರೆ ತಪ್ಪು ಎನ್ನುತ್ತೇವೆ. ಮಗು ಪಾಲಿಸುತ್ತಿರುವುದು ಎಂಟುನೂರು ವರ್ಷಗಳ ಹಿಂದೆಯೇ ವ್ಯಾಕರಣದಲ್ಲಿ ದಾಖಲಾದ ನಿಯಮವನ್ನು.

ನನ್ನ ‘ಆಲು’ವಿಗೂ ಇಂಥದೇ ವಂಶಾವಳಿ ಇದೆ. 941ರಲ್ಲಿ ಪಂಪ ‘ವಿಕ್ರಮಾರ್ಜುನವಿಜಯ’ ಬರೆದಾಗ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’, ಹೆಸರು ‘ಪೆಸರ್’. ಪದದ ಮೊದಲಲ್ಲಿದ್ದ ಪಕಾರ ಸುಮಾರು ಹತ್ತನೆಯ ಶತಮಾನದಿಂದ ಶುರುವಾಗಿ ಕೆಲವು ನೂರು ವರ್ಷಗಳಲ್ಲಿ ಹಕಾರವಾಯಿತು. ತುಟಿ ಮುಚ್ಚಿ ತೆರೆಯುವ ಶ್ರಮ ಕಡಿಮೆಯಾಗಿ ಬರಿಯ ಉಸಿರು ಉಳಿಯಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆ ಉಸಿರೂ ಬಿದ್ದುಹೋಯಿತು: ಪಾಲು, ಹಾಲು, ಆಲು. ಒಂದೇ ದಾರಿಯಲ್ಲಿ ಮೂರು ಮೈಲಿಗಲ್ಲು. ಪಂಪನ ಕಾಲದ ಮೇಷ್ಟ್ರೊಬ್ಬ ಇಂದಿನ ತರಗತಿಗೆ ಬಂದರೆ ‘ಹಾಲು’ ಎಂದು ಸರಿಯಾಗಿ ಬರೆದ ಮಗುವಿಗೂ ಏಟು ಬೀಳುತ್ತಿತ್ತು. ನಡುವಿನ ಮೈಲಿಗಲ್ಲಿನ ಹತ್ತಿರ ನಿಂತವರ ಕೈಗೆ ಅಚ್ಚಿನ ಮೊಳೆಗಳು, ಪಠ್ಯಪುಸ್ತಕಗಳು ಸಿಕ್ಕವು. ಅದೇ ಸರಿ ಎಂದಾಯಿತು. ನನ್ನ ಅಜ್ಜಿ ಅದೇ ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿದ್ದಳು.

ಹಾಗಾದರೆ ಅಕ್ಷರಗಳನ್ನೇ ಕಡಿಮೆ ಮಾಡಿಬಿಡೋಣವೇ? ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ಟರು ಈ ವಾದವನ್ನು ಬಹಳ ಗಟ್ಟಿಯಾಗಿ ಮಂಡಿಸಿದ್ದಾರೆ. ಬಹುಪಾಲು ಕನ್ನಡಿಗರ ಮಾತಿನಲ್ಲಿ ಇಲ್ಲದ ಮಹಾಪ್ರಾಣಗಳು, ಷಕಾರ, ಋಕಾರ ಮೊದಲಾದವನ್ನು ಕನ್ನಡದ ಬರಹದಿಂದ ಕೈಬಿಡಬೇಕು, ಆಗ ಓದುಬರಹ ಎಲ್ಲರಿಗೂ ಹತ್ತಿರವಾಗುತ್ತದೆ ಎಂಬುದು ಅವರ ನಿಲುವು. ತಮ್ಮ ಹೆಸರನ್ನೂ ಪುಸ್ತಕಗಳನ್ನೂ ಹಾಗೆಯೇ ಬರೆದು ತೋರಿಸಿದರು. ಇದನ್ನು ವಿರೋಧಿಸುವವರು ದನ ಮತ್ತು ಧನದ ವ್ಯತ್ಯಾಸ ಕೇಳುತ್ತಾರೆ, ಹಿಂದಿನ ಸಾಹಿತ್ಯದ ಜೊತೆಗಿನ ಕೊಂಡಿ ಕಳಚುತ್ತದೆ ಎನ್ನುತ್ತಾರೆ.

ನಾನು ಎರಡು ಕಡೆಗೂ ಸ್ವಲ್ಪ ಸ್ವಲ್ಪ ಸೇರಿದವನು. ಱ, ೞ ಶಾಲೆಯ ವರ್ಣಮಾಲೆಯಿಂದ ಹೋದವು. ಅದರಿಂದ ಪಂಪನೇನೂ ನಮಗೆ ಅನ್ಯನಾಗಲಿಲ್ಲ, ಬೇಕಾದವರು ಎಂ.ಎ.ಗೆ ಬಂದ ಮೇಲೆ ಕಲಿಯುತ್ತಾರೆ. ಆದ್ದರಿಂದ ಅಕ್ಷರ ಬಿಟ್ಟರೆ ಭಾಷೆ ಕೆಡುತ್ತದೆ ಎಂಬ ಭಯಕ್ಕೆ ಚರಿತ್ರೆಯ ಬೆಂಬಲವಿಲ್ಲ. ಇನ್ನೊಂದು ಕಡೆ, ಇಂದು ಅರ್ಜಿ, ಪರೀಕ್ಷೆ, ಕೆಲಸದ ಸಂದರ್ಶನ ಎಲ್ಲವೂ ಈಗಿರುವ ಕಾಗುಣಿತದ ಮೇಲೆಯೇ ನಡೆಯುತ್ತವೆ. ಬಲ್ಲವರು ತಮ್ಮ ಮಕ್ಕಳಿಗೆ ಮಹಾಪ್ರಾಣ ಕಲಿಸುವುದನ್ನು ನಿಲ್ಲಿಸುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಮಾತ್ರ ನಿಲ್ಲಿಸಿದರೆ ನಷ್ಟ ಯಾರಿಗೆಂಬುದು ಗೊತ್ತೇ ಇದೆ. ಏಟು ತಿಂದಾದರೂ ನನಗೆ ಹಕಾರ ಬಂದದ್ದರಿಂದ ಈ ಲೇಖನ ಬರೆಯಲು ಆಗುತ್ತಿದೆ ಎಂಬುದನ್ನೂ ನಾನು ಮುಚ್ಚಿಡಲಾರೆ. ಆದರೆ ಏಟಿನಿಂದಲೇ ಬಂತು ಎಂದು ನಾನು ಒಪ್ಪುವುದಿಲ್ಲ. ಏಟಿನಿಂದ ಬಂದದ್ದು ‘ಹಪ್ಪ’. ಹಕಾರ ಬಂದದ್ದು ಆಮೇಲೆ, ಕತೆ ಪುಸ್ತಕಗಳನ್ನು ಓದುತ್ತಾ ಓದುತ್ತಾ, ಕಣ್ಣಿಗೆ ಪದಗಳ ರೂಪ ಪಳಗಿದ ಮೇಲೆ.

ಕಲಿಸುವ ಕ್ರಮದಲ್ಲಿಯೇ ಇದಕ್ಕೊಂದು ದಾರಿ ಇದೆ ಎಂದು ನನಗನ್ನಿಸುವುದು ನಮ್ಮ ಸರ್ಕಾರಿ ಶಾಲೆಗಳನ್ನು ನೋಡಿದಾಗ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಅಕ್ಷರಗಳು ಅ ಆ ಇ ಈ ಎಂದು ಬರುವುದಿಲ್ಲ. ‘ರ ಗ ಸ ದ ಅ’ ಮೊದಲು, ಆಮೇಲೆ ‘ಜ ವ ಮ ಬ ನ’. ಹಿರಿಯರು ಕೆಲವರು ಇದನ್ನು ಕಂಡು ವರ್ಣಮಾಲೆಯನ್ನೇ ಕೆಡಿಸಿದರು ಎಂದು ಬೈದದ್ದುಂಟು. ಆದರೆ ಐದೇ ಅಕ್ಷರ ಬಂದ ಮಗು ಆ ವಾರವೇ ಅರಸ, ಅಗಸ, ಸರ, ದರ, ಗರಗಸ ಎಂದು ಪೂರ್ತಿ ಪದಗಳನ್ನು ಓದಬಲ್ಲದು. ಈ ಹತ್ತು ಅಕ್ಷರಗಳಲ್ಲಿ ಒಂದೂ ಮಹಾಪ್ರಾಣವಿಲ್ಲ, ಹಕಾರವಿಲ್ಲ. ಮನೆಯ ನಾಲಿಗೆಗೂ ಶಾಲೆಯ ಅಕ್ಷರಕ್ಕೂ ಮೊದಲ ದಿನವೇ ಜಗಳ ಹತ್ತುವುದಿಲ್ಲ. ವರ್ಣಮಾಲೆಯ ಕ್ರಮದಲ್ಲಾದರೆ ಎರಡನೆಯ ವ್ಯಂಜನವೇ ಖ, ಐದನೆಯದು ಙ. ಙಕಾರದಿಂದ ಶುರುವಾಗುವ ಒಂದು ಪದವನ್ನೂ ಮಗು ಜೀವಮಾನದಲ್ಲಿ ಕೇಳುವುದಿಲ್ಲ. ಹಳೆಯ ಕ್ರಮ ಧ್ವನಿಗಳ ಶಾಸ್ತ್ರಕ್ಕೆ ಒಪ್ಪುವಂಥದ್ದು, ಹೊಸ ಕ್ರಮ ಮಗುವಿಗೆ ಒಪ್ಪುವಂಥದ್ದು. ಎರಡೂ ಬೇಕು, ಆದರೆ ಯಾವುದು ಮೊದಲು ಎಂಬುದು ಮುಖ್ಯ.

ಮೊದಲು ಕೈ ತಿದ್ದಲಿ. ಪದಗಳು ಕಣ್ಣಿಗೆ ಪಳಗಲಿ. ‘ಹಾಲು’ ಎಂದು ಬರೆದಿರುವುದನ್ನು ಮಗು ‘ಆಲು’ ಎಂದು ಓದಿ ಸರಿಯಾದ ಚಿತ್ರಕ್ಕೆ ಬೆರಳಿಟ್ಟರೆ ಅದು ಓದಿದೆ ಎಂದೇ ಅರ್ಥ. ಬರವಣಿಗೆಯಲ್ಲಿ ಹಕಾರ ಯಾಕಿದೆ ಎಂಬುದನ್ನು ಮೂರನೆಯ ತರಗತಿಯಲ್ಲಿ ಪಾಲು, ಹಾಲು, ಆಲು ಎಂಬ ಕತೆಯಾಗಿಯೇ ಹೇಳಬಹುದು. ಮಕ್ಕಳಿಗೆ ಇಂಥ ಕತೆ ಇಷ್ಟವಾಗುತ್ತದೆ. ತಮ್ಮ ಮನೆಯ ಮಾತು ಯಾವುದೋ ಮೂಲೆಯಲ್ಲಿ ಕೆಟ್ಟುಬಿದ್ದದ್ದಲ್ಲ, ಪಂಪನಿಂದ ಹೊರಟು ಬಂದದ್ದು ಎಂದು ತಿಳಿದ ಮಗು ಹಕಾರವನ್ನು ಹೆದರಿ ಕಲಿಯುವುದಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕನ ಮಗ ಕಾಪಿ ತಂದು ‘ಮಾವ, ನೋಡು’ ಎಂದು ಮುಂದಿಟ್ಟ. ‘ಅಸು ಆಲು ಕೊಡುತ್ತದೆ’ ಎಂದು ಬರೆದಿದ್ದ. ಅಕ್ಷರಗಳು ಗುಂಡಗಿದ್ದವು, ಡಕಾರದ ಕೊಂಬು, ತಕಾರದ ಒತ್ತು ಎಲ್ಲ ಸರಿಯಾಗಿಯೇ ಇದ್ದವು. ಅಜ್ಜಿ ಈಗ ಇಲ್ಲ. ಇದ್ದಿದ್ದರೆ ನಾನು ಏನು ಮಾಡುತ್ತೇನೋ ಎಂದು ನನ್ನ ಮುಖ ನೋಡುತ್ತಿದ್ದಳು. ನಾನು ಪೆನ್ಸಿಲ್ ತೆಗೆದುಕೊಂಡು ಅವನ ಸಾಲಿನ ಮೇಲೆ ಏನೂ ಗೀಚಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ ತೆಳುವಾಗಿ ‘ಹಸು ಹಾಲು ಕೊಡುತ್ತದೆ’ ಎಂದು ಬರೆದು, ಇದರ ಮೇಲೆ ತಿದ್ದು ಎಂದೆ. ಅವನು ಬಾಯಲ್ಲಿ ‘ಅಸು, ಆಲು’ ಎಂದುಕೊಳ್ಳುತ್ತಲೇ ಹಕಾರವನ್ನು ತಿದ್ದಿದ.